ಸಂದರ್ಶನಕ್ಕೆ ಬರೆದ ಕೋಡ್ ಯಾರದು?

ಸಾಫ್ಟ್‌ವೇರ್ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ‘ಮನೆಯಲ್ಲಿ ಮಾಡಿ ಕಳಿಸಿ’ ಎಂದು ಅಸೈನ್‌ಮೆಂಟ್ ಕೊಡುವುದು ಬೆಂಗಳೂರಿನಲ್ಲಿ ಮಾಮೂಲು. ನಿದ್ದೆಗೆಟ್ಟು ಬರೆದ ಕೋಡ್ ಕೆಲಸ ಸಿಗದಿದ್ದಾಗ ಯಾರ ಪಾಲು? ಕಾನೂನು ಕೋಡ್ ಬರೆದವರ ಪರವಾಗಿಯೇ ಇದೆ. ಹಕ್ಕು ಕೈತಪ್ಪುವುದು ಹೆಚ್ಚಾಗಿ ಓದದೆ ಹಾಕಿದ ಸಹಿಯಿಂದ.

ತಪ್ಪು ಕಲ್ಪನೆ: ಪ್ರಶ್ನೆ ಕಂಪನಿಯದು, ಹಾಗಾಗಿ ಕೋಡೂ ಅದರದೇ.
ವಾಸ್ತವ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ, 17ನೇ ಕಲಂ ಕೃತಿ ಬರೆದವರನ್ನೇ ಮೊದಲ ಒಡೆಯರೆನ್ನುತ್ತದೆ. ನೌಕರರು ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರಿಗೆ ಸೇರುತ್ತದೆ, ನಿಜ. ಆದರೆ ಅಭ್ಯರ್ಥಿ ಇನ್ನೂ ನೌಕರನಾಗಿಲ್ಲ. ಕಂಪನಿ ಬರೆದುಕೊಟ್ಟ ಪ್ರಶ್ನೆ ಮತ್ತು ಆರಂಭದ ಕೋಡ್ ಮಾತ್ರ ಅಭ್ಯರ್ಥಿಯದಲ್ಲ.

ತಪ್ಪು ಕಲ್ಪನೆ: ಮೇಲ್ ಮಾಡಿದರೆ ಹಕ್ಕೂ ಹೋಯಿತು.
ವಾಸ್ತವ: ಹಕ್ಕು ವರ್ಗಾಯಿಸಲು 19ನೇ ಕಲಂ ಪ್ರಕಾರ ಲಿಖಿತ ಪತ್ರ, ಅದಕ್ಕೆ ಸಹಿ ಬೇಕು. ಅವಧಿ ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ ಸೀಮಿತ. ಅರ್ಜಿ ಫಾರಂ ಅಥವಾ ಗೋಪ್ಯತಾ ಒಪ್ಪಂದದ ನಡುವೆ ‘ಸಲ್ಲಿಸಿದ್ದೆಲ್ಲ ಕಂಪನಿಯದು’ ಎಂಬ ಸಾಲು ಅಡಗಿರಬಹುದು. ಕಂಡರೆ, ಸಹಿ ಹಾಕುವ ಮೊದಲೇ ತೆಗೆಸಿ.

ತಪ್ಪು ಕಲ್ಪನೆ: ನೋಂದಣಿ ಇಲ್ಲದೆ ಹಕ್ಕಿಲ್ಲ.
ವಾಸ್ತವ: ಬರೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ, ನೋಂದಣಿ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯ ಅಷ್ಟೆ. ಅಸೈನ್‌ಮೆಂಟ್ ಕೇಳಿದ ಮೇಲ್, ಕೋಡ್ ಲಗತ್ತಿಸಿ ಕಳಿಸಿದ ಮೇಲ್ ಎರಡನ್ನೂ ಜೋಪಾನ ಮಾಡಿ. ಗಿಟ್ ಕಮಿಟ್‌ನ ದಿನಾಂಕವನ್ನು ಯಾರಾದರೂ ಬದಲಿಸಬಹುದು, ಅದೊಂದನ್ನೇ ನಂಬಬೇಡಿ.

ತಪ್ಪು ಕಲ್ಪನೆ: ಗಿಟ್‌ಹಬ್‌ನಲ್ಲಿ ಬಹಿರಂಗವಾಗಿ ಹಾಕಿದರೆ ಭದ್ರ.
ವಾಸ್ತವ: ಜೊತೆಗೆ ಎಂಐಟಿ ಲೈಸೆನ್ಸ್ ಸೇರಿಸಿದರೆ, ಅದೇ ಕಂಪನಿ ನಿಮ್ಮ ಕೋಡನ್ನು ತನ್ನ ಉತ್ಪನ್ನದಲ್ಲಿ ಧಾರಾಳವಾಗಿ ಬಳಸಬಹುದು. ಪ್ರಶ್ನೆಯನ್ನು ಬಯಲು ಮಾಡಿದ ಆರೋಪವೂ ಬರಬಹುದು. ಪ್ರೈವೇಟ್ ರೆಪೊ ಮಾಡಿ, ಪರಿಶೀಲಿಸುವವರಿಗಷ್ಟೇ ಪ್ರವೇಶ ಕೊಡಿ. ಫೈಲಿನ ತಲೆಯಲ್ಲಿ ಹೆಸರು, ವರ್ಷ, ‘ಮೌಲ್ಯಮಾಪನಕ್ಕೆ ಮಾತ್ರ’ ಎಂಬ ಸಾಲು ಇರಲಿ.

ತಪ್ಪು ಕಲ್ಪನೆ: ನನ್ನ ಉಪಾಯ ಬಳಸಿದರೂ ದಾವೆ ಹೂಡಬಹುದು.
ವಾಸ್ತವ: ನಾಟಕವೊಂದನ್ನು ಸಿನಿಮಾ ಕದ್ದಿದೆಯೆಂಬ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ್ದು: ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗಷ್ಟೇ ಇದೆ. ನಿಮ್ಮ ಉಪಾಯ ನೋಡಿ ಬೇರೆಯವರು ಸ್ವಂತವಾಗಿ ಕೋಡ್ ಬರೆದರೆ ಕೃತಿಸ್ವಾಮ್ಯ ಕಾಪಾಡದು. ಆದ್ದರಿಂದ ಅಸೈನ್‌ಮೆಂಟ್ ಕಂಪನಿಯ ನಿಜವಾದ ಉತ್ಪನ್ನದ ಕೆಲಸದಂತೆ ಕಂಡರೆ, ಶುರು ಮಾಡುವ ಮೊದಲೇ ಸಂಭಾವನೆಯ ಮಾತನ್ನು ಬರಹದಲ್ಲಿ ಮುಗಿಸಿಕೊಳ್ಳಿ.