ಐದನೇ ಸೂಲಿನ ಎಮ್ಮೆ: ಕೊಳ್ಳುವುದೋ, ಬಿಡುವುದೋ?



ಹಳೇ ಕಾರು ಕೊಳ್ಳುವವರು ಮೊದಲು ಇಣುಕಿ ನೋಡುವುದು ಮೀಟರನ್ನು. ಲಕ್ಷ ಕಿಲೋಮೀಟರ್ ದಾಟಿದ್ದರೆ ಬೆಲೆ ಇಳಿಯುತ್ತದೆ, ಅನುಮಾನ ಏರುತ್ತದೆ. ಎಮ್ಮೆಗೆ ಮೀಟರ್ ಇಲ್ಲ. ಆದರೂ ಭಾಲ್ಕಿ, ಔರಾದ ಕಡೆಯ ಸಂಘಗಳಿಗೆ ಹೋದಾಗ ನೀವು ಕೇಳುವ ಪ್ರಶ್ನೆ ಅಂಥದ್ದೇ: "ಡಾಕ್ಟ್ರೇ, ನಾಕೈದು ಸಲ ಈದ ಎಮ್ಮಿ ಅದ, ಕಡಿಮಿ ರೇಟಿಗೆ ಕೊಡ್ತಾರಂತ. ತಗೋಬೇಕಾ, ಬಿಡಬೇಕಾ?"

ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಎಮ್ಮೆ ಹೆಚ್ಚು ಹಾಲು ಕೊಡುವುದು ಮೂರನೇ, ನಾಲ್ಕನೇ ಸೂಲಿನಲ್ಲಿ. ಆಕಳು ಮೂರರಿಂದ ಐದನೇ ಸೂಲಿನವರೆಗೆ. ಚೊಚ್ಚಲ ಎಮ್ಮೆಯ ಮೈ ಇನ್ನೂ ಬೆಳೆಯುತ್ತಿರುತ್ತದೆ, ತಿಂದದ್ದರಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಕಾಲಕಾಲಕ್ಕೆ ಆಯಿಲ್ ಬದಲಿಸಿದ ಲಕ್ಷ ಕಿಲೋಮೀಟರಿನ ಕಾರು, ಹದಗೆಟ್ಟ ರಸ್ತೆಯಲ್ಲಿ ಹೊಡೆದ ಮೂವತ್ತು ಸಾವಿರದ ಕಾರಿಗಿಂತ ಮೇಲು. ಎಮ್ಮೆಯೂ ಹಾಗೆಯೇ. ಪ್ರತಿ ಸಲ ಈಯುವ ಎರಡು ತಿಂಗಳ ಮೊದಲು ಹಾಲು ಬತ್ತಿಸಿ ವಿಶ್ರಾಂತಿ ಕೊಟ್ಟಿದ್ದರೆ ಐದನೇ ಸೂಲಿನಲ್ಲೂ ಗಟ್ಟಿಯಾಗಿರುತ್ತದೆ. ಈಯುವ ದಿನದವರೆಗೂ ಹಿಂಡಿದ್ದರೆ ಮೂರನೇ ಸೂಲಿಗೇ ಸೋತಿರುತ್ತದೆ.

ಮೊದಲು ವಯಸ್ಸು ತಿಳಿಯಬೇಕು. ಎಮ್ಮೆಗೆ ಕೆಳದವಡೆಯಲ್ಲಿ ಮಾತ್ರ ಮುಂಹಲ್ಲು. ಸುಮಾರು ಎರಡೂವರೆ-ಮೂರು ವರ್ಷಕ್ಕೆ ಎರಡು ಹಲ್ಲು, ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿಯಂತೆ ಬಂದು, ಐದಾರು ವರ್ಷಕ್ಕೆ ಬಾಯಿಗೂಡುತ್ತದೆ. ಆಕಳಿಗೆ ಇದೆಲ್ಲ ಸುಮಾರು ಒಂದು ವರ್ಷ ಮೊದಲೇ ಆಗುತ್ತದೆ. ಬಾಯಿಗೂಡಿದ ಮೇಲೆ ಹಲ್ಲು ಎಣಿಸಿ ಪ್ರಯೋಜನವಿಲ್ಲ, ಸವೆತ ನೋಡಬೇಕು. ಹಲ್ಲಿನ ತುದಿ ಚಪ್ಪಟೆಯಾಗಿ, ಹಲ್ಲುಗಳ ನಡುವೆ ಸಂದು ಬಿದ್ದಿದ್ದರೆ ಹತ್ತು ವರ್ಷದ ಆಸುಪಾಸು ಎಂದು ತಿಳಿಯಿರಿ. ಎಮ್ಮೆ ಮೂರೂವರೆ-ನಾಲ್ಕು ವರ್ಷಕ್ಕೆ ಮೊದಲು ಈದು, ಮುಂದೆ ಹದಿನಾಲ್ಕು-ಹದಿನಾರು ತಿಂಗಳಿಗೊಮ್ಮೆ ಈಯುತ್ತದೆ ಎಂದು ಹಿಡಿದರೆ, ಐದು ಸೂಲಿಗೆ ಸುಮಾರು ಒಂಬತ್ತು ವರ್ಷ. ಬಾಯಿ ಹನ್ನೆರಡು ಎನ್ನುವಾಗ ದಲ್ಲಾಳಿ "ಮೂರನೇ ಸೂಲು" ಎಂದರೆ ನಂಬಬೇಡಿ. ಕೋಡಿನ ಉಂಗುರ ಎಣಿಸಿ ವಯಸ್ಸು ಹೇಳುವ ಹಿರಿಯರಿದ್ದಾರೆ, ಆದರೆ ಕೋಡನ್ನು ಅರದಿಂದ ಉಜ್ಜಿ ಎಣ್ಣೆ ಹಚ್ಚುವವರೂ ಇದ್ದಾರೆ. ಕಾರಿನ ಮೀಟರ್ ಹಿಂದಕ್ಕೆ ತಿರುಗಿಸಿದ ಹಾಗೆ ಅದು.

ಇನ್ನು ದಾಖಲೆ. ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆಯೇ? ಆ ಸಂಖ್ಯೆಯನ್ನು ನಿಮ್ಮ ಊರಿನ ಪಶು ಆಸ್ಪತ್ರೆಗೆ ಕೊಟ್ಟರೆ ನೋಂದಾಯಿಸಿದ ವಯಸ್ಸು, ಲಸಿಕೆ, ಕೃತಕ ಗರ್ಭಧಾರಣೆ ಏನೇನು ದಾಖಲಾಗಿದೆಯೋ ನೋಡಬಹುದು. ಮಾರುವ ಮನೆಯವರು ಸಂಘದ ಸದಸ್ಯರಾಗಿದ್ದರೆ ಅವರ ಹಾಲಿನ ಪಾಸ್‌ಬುಕ್ ಕೇಳಿ. ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಯಾವ ತಿಂಗಳು ಇಳಿಯಿತು ಎಲ್ಲ ಅದರಲ್ಲಿರುತ್ತದೆ. ಮನೆಯಲ್ಲಿ ನಾಲ್ಕು ಎಮ್ಮೆ ಇದ್ದರೆ ಲೆಕ್ಕ ಕಲಸಿರುತ್ತದೆ ನಿಜ, ಆದರೂ ಬಾಯಿಮಾತಿಗಿಂತ ಮೇಲು. ಹೀಗಾಗಿ ನಾನು ಹೇಳುವುದು, ಸಾಧ್ಯವಾದರೆ ಪಕ್ಕದ ಊರಿನ ಗುರುತಿನ ಮನೆಯಿಂದಲೇ ಕೊಳ್ಳಿ. ಸಂತೆಗೆ ಬಂದ ಪ್ರಾಣಿಯ ಹಿಂದಿನ ಕಥೆ ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಯಾಕೆ ಮಾರುತ್ತಿದ್ದಾರೆ ಎಂಬುದನ್ನೂ ಕೇಳಿ. ಮಗಳ ಮದುವೆ, ಮೇವಿನ ಕೊರತೆ, ನೋಡಿಕೊಳ್ಳುವವರಿಲ್ಲ ಎಂದರೆ ಸರಿ. ಈದು ತಿಂಗಳಾಗಿಲ್ಲ, ಹಾಲು ಏರುವ ಹೊತ್ತಿನಲ್ಲಿ ಮಾರುತ್ತಿದ್ದಾರೆ ಎಂದರೆ ಇನ್ನೂ ನಾಲ್ಕು ಮಾತು ಕೇಳಬೇಕು.

ಒಂದು ಮಾತನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಕೊಳ್ಳಲು ಹೋಗುವವರು ಅವರು, ಹಿಂಡುವವರು ನೀವು. ಹಿಂಡುವ ಕೈಯೇ ವ್ಯಾಪಾರಕ್ಕೆ ಹೋಗಬೇಕು. ಸಂತೆಗೆ ತರುವ ಮೊದಲು ಒಂದೆರಡು ಹೊತ್ತು ಹಿಂಡದೆ ಬಿಟ್ಟರೆ ಎಂಥ ಕೆಚ್ಚಲೂ ತುಂಬಿ ನಿಲ್ಲುತ್ತದೆ. ಆದ್ದರಿಂದ ಮೊದಲ ಹೊತ್ತಿನ ಹಾಲನ್ನು ಪೂರ್ತಿ ಹಿಂಡಿಸಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂದಿನ ಎರಡು ಹೊತ್ತು ನೀವೇ ಕುಳಿತು ಹಿಂಡಿ ಅಳೆಯಿರಿ. ಸೂಜಿ ಚುಚ್ಚದೆ ತೊರೆ ಬಿಡುತ್ತದೆಯೇ, ಹೊಸ ಕೈಗೆ ಒದೆಯುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ಹಿಂಡಿದ ಮೇಲೆ ಕೆಚ್ಚಲು ಸಡಿಲಾಗಿ, ಖಾಲಿ ಚೀಲದಂತೆ ಮೆತ್ತಗಾಗಬೇಕು. ಒಂದು ಭಾಗ ಗಟ್ಟಿ ಗಂಟಾಗಿ ಉಳಿದರೆ ಅಲ್ಲಿ ಹಿಂದೆ ಕೆಚ್ಚಲು ಬಾವು ಆಗಿ ಹೋಗಿದೆ, ಆ ಮೊಲೆಯಿಂದ ಇನ್ನು ಹೆಚ್ಚು ಹಾಲು ಬರುವುದಿಲ್ಲ. ನಾಲ್ಕೂ ಮೊಲೆಯ ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗರಣೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಕಣ್ಣಿಗೆ ಕಾಣದ ಬಾವು ಸಿ.ಎಂ.ಟಿ. ಪರೀಕ್ಷೆಯಲ್ಲಿ ಸಿಗುತ್ತದೆ. ಹಾಲಿಗೆ ಅಷ್ಟೇ ದ್ರಾವಣ ಹಾಕಿ ಅಲ್ಲಾಡಿಸಿದರೆ ಲೋಳೆಯಂತಾಗುತ್ತದೆ, ಎರಡು ನಿಮಿಷದ ಕೆಲಸ.

ಹಾಲಿಗಿಂತ ದೊಡ್ಡ ವಿಷಯ ಗರ್ಭಕೋಶದ್ದು. ವಯಸ್ಸಾದ ಎಮ್ಮೆ ಮತ್ತೆ ಗಬ್ಬ ನಿಲ್ಲದಿದ್ದರೆ ಈ ಸೂಲಿನ ಹಾಲು ಮುಗಿದ ದಿನವೇ ನಿಮ್ಮ ದುಡ್ಡು ಮುಗಿಯಿತು. "ಗಬ್ಬ ಅದ" ಎಂದರೆ ಪಶುವೈದ್ಯರಿಂದ ಕೈ ಹಾಕಿಸಿ ನೋಡಿ. ಎರಡು-ಮೂರು ತಿಂಗಳು ತುಂಬಿದ ಮೇಲೆ ಖಚಿತವಾಗಿ ಹೇಳಬಹುದು. ಈದು ಆರೇಳು ತಿಂಗಳಾಗಿ ಇನ್ನೂ ಖಾಲಿ ಇರುವ ಐದನೇ ಸೂಲಿನ ಎಮ್ಮೆಯನ್ನು ಯಾವ ದರಕ್ಕೂ ಕೊಳ್ಳಬೇಡಿ. ಹಿಂದೆ ಈದಾಗ ಮೈ ಹೊರಬಿದ್ದಿತ್ತೇ ಎಂದೂ ಕೇಳಿ. ಒಮ್ಮೆ ಬಿದ್ದದ್ದು ಮತ್ತೆ ಬೀಳುವ ಸಂಭವ ಹೆಚ್ಚು.

ರಕ್ತ ಪರೀಕ್ಷೆಗೆ ಹಿಂಜರಿಯಬೇಡಿ. ಬ್ರುಸೆಲ್ಲಾ ಎಂಬ ಕಂದು ಹಾಕುವ ರೋಗ ಇರುವ ಎಮ್ಮೆ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ, ಹಾಲೂ ಕೊಡುತ್ತದೆ. ತುಂಬು ದಿನಗಳ ಹತ್ತಿರ ಬಂದು ಕಂದು ಹಾಕುತ್ತದೆ. ಮಾಸನ್ನು ಬರಿಗೈಯಿಂದ ತೆಗೆಯುವವರು ನೀವು, ಹಾಗಾಗಿ ಮನೆಯಲ್ಲಿ ಮೊದಲು ಸೋಂಕು ತಗಲುವುದು ನಿಮಗೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಸೊಂಟನೋವಿಗೆಂದು ಮಾತ್ರೆ ನುಂಗುತ್ತಾ ಕೂರುವವರೂ ಇದ್ದಾರೆ. ಇದರ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಹಾಕುವುದು. ಬೆಳೆದ ಎಮ್ಮೆ ಕೊಳ್ಳುವವರಿಗೆ ಪರೀಕ್ಷೆಯೊಂದೇ ದಾರಿ.

ಈಗ ದುಡ್ಡಿನ ಲೆಕ್ಕ. ಎರಡನೇ ಸೂಲಿನ ಎಮ್ಮೆಗೆ 90,000, ಐದನೇ ಸೂಲಿನದಕ್ಕೆ 55,000 ಎಂದು ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ಸಂತೆಯ ದರವಲ್ಲ. ಮೊದಲನೆಯದರಿಂದ ಐದು ಸೂಲಿನ ಹಾಲು ಬಂದರೆ ಸೂಲಿಗೆ 18,000 ಬಿತ್ತು. ಎರಡನೆಯದರಿಂದ ಎರಡೇ ಸೂಲು ಬಂದರೆ ಸೂಲಿಗೆ 27,500. ಅಗ್ಗ ಎಂದುಕೊಂಡದ್ದೇ ತುಟ್ಟಿಯಾಯಿತು. ಮೂರು ಸೂಲು ಬಂದರೆ ಮಾತ್ರ ಎರಡೂ ಸಮಸಮ. ಅದೇ ಎಮ್ಮೆ 36,000ಕ್ಕೆ ಸಿಕ್ಕು, ಐದು ತಿಂಗಳ ಗಬ್ಬ ಇದ್ದು, ಕೈಯಲ್ಲಿರುವ ದುಡ್ಡಿನಲ್ಲೇ ಬರುವುದಾದರೆ ನಾನಾದರೂ ಕೊಂಡೇನು. ಸಾಲ ಮಾಡಿ, ಅದೂ ಮನೆಯ ಒಂದೇ ಎಮ್ಮೆಯಾಗಿ ಕೊಳ್ಳುವುದಾದರೆ ಬೇಡ. ಎಮ್ಮೆ ಬತ್ತಿದರೂ ಕಂತು ಬತ್ತುವುದಿಲ್ಲ.

ಖರ್ಚಿನ ಕಡೆಗೆ ಇನ್ನೂ ಕೆಲವನ್ನು ಸೇರಿಸಬೇಕು. ಹಲ್ಲು ಸವೆದ ಎಮ್ಮೆ ಉದ್ದನೆಯ ಜೋಳದ ಕಣಿಕೆಯನ್ನು ಅಗಿಯಲಾರದೆ ಅರ್ಧ ಬಿಡುತ್ತದೆ, ಅದಕ್ಕೆ ಕತ್ತರಿಸಿ ಹಾಕಬೇಕು. ಮೂರನೇ ಸೂಲಿನಿಂದ ಮುಂದೆ, ಅದರಲ್ಲೂ ಹೆಚ್ಚು ಹಾಲಿನ ಆಕಳುಗಳಲ್ಲಿ, ಈದ ಎರಡು-ಮೂರು ದಿನದೊಳಗೆ ಹಾಲುಜ್ವರ ಬರುವ ಸಂಭವ ಏರುತ್ತದೆ. ಹೆಸರು ಜ್ವರ, ಮೈ ಮಾತ್ರ ತಣ್ಣಗಾಗಿ ಕುತ್ತಿಗೆ ಹೊಟ್ಟೆಯ ಕಡೆ ತಿರುಗಿಸಿ ಮಲಗುತ್ತದೆ. ಕೂಡಲೇ ಕರೆಯಿರಿ, ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಕೊಟ್ಟರೆ ಹೆಚ್ಚಿನವು ಎದ್ದು ನಿಲ್ಲುತ್ತವೆ. ವಿಮೆಗೂ ವಯಸ್ಸಿನ ಮಿತಿ ಇದೆ, ಸಾಮಾನ್ಯವಾಗಿ ಆಕಳಿಗೆ 10 ವರ್ಷ, ಎಮ್ಮೆಗೆ 12. ಹತ್ತು ದಾಟಿದ ಎಮ್ಮೆಗೆ ವಿಮೆಯ ಆಸರೆ ಒಂದೆರಡು ವರ್ಷ ಮಾತ್ರ.

ಎಚ್.ಎಫ್. ಮಿಶ್ರತಳಿ ಆಕಳಿನ ವಿಷಯದಲ್ಲಿ ನಾನು ಇನ್ನೂ ಬಿಗಿ. ನಮ್ಮ ಬೇಸಿಗೆಯ ಬಿಸಿಲಿಗೆ ಅದು ದೇವಣಿಯಂತೆ ತಾಳುವುದಿಲ್ಲ. ಹಳೇ ಕಾರು ಕೆಟ್ಟು ನಿಂತರೆ ಗುಜರಿಗಾದರೂ ಹೋಗುತ್ತದೆ. 2020ರ ಕಾಯ್ದೆಯ ನಂತರ ನಮ್ಮ ರಾಜ್ಯದಲ್ಲಿ ಯಾವ ವಯಸ್ಸಿನ ಆಕಳನ್ನೂ ವಧೆಗೆ ಕೊಡುವಂತಿಲ್ಲ, 13 ವರ್ಷದೊಳಗಿನ ಎಮ್ಮೆಯನ್ನೂ ಕೊಡುವಂತಿಲ್ಲ. ಬತ್ತಿದ ಆಕಳನ್ನು ಸಾಯುವವರೆಗೆ ಮೇಯಿಸುವ ಖರ್ಚು ಕೊನೆಗೆ ಕೊಂಡವರ ತಲೆಯ ಮೇಲೆಯೇ. ಐದನೇ ಸೂಲು ದಾಟಿದ ಮಿಶ್ರತಳಿ ಆಕಳು ಕಡಿಮೆ ಬೆಲೆಗೆ ಬಂದರೆ ಇದನ್ನೂ ಸೇರಿಸಿ ಲೆಕ್ಕ ಹಾಕಿ.

ಕೊಂಡು ತಂದ ಮೇಲೆ ಮೂರು ವಾರ ಬೇರೆ ಕಟ್ಟಿ. ನೀರಿನ ಬಕೆಟ್, ಮೇವಿನ ಬುಟ್ಟಿ ಬೇರೆಯೇ ಇರಲಿ, ಹಿಂಡುವಾಗ ಇದನ್ನು ಕೊನೆಗೆ ಹಿಂಡಿ. ಕಿವಿಯೋಲೆಯ ಸಂಖ್ಯೆಯನ್ನು ಆಸ್ಪತ್ರೆಯಲ್ಲಿ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. ಮುಂದೆ ವಿಮೆ ಮಾಡಿಸುವಾಗ ಅದೇ ಸಂಖ್ಯೆ ಕೇಳುತ್ತಾರೆ.