ಚೂರು ಕೂಡಿದರೆ ಚಿತ್ರ

ರಜೆ ಬಂತೆಂದರೆ ಮಕ್ಕಳು ಚಿತ್ರದ ಚೂರುಗಳನ್ನು ಹರಡಿಕೊಂಡು ಜೋಡಿಸುವ ಜಿಗ್ಸಾ ಆಟಕ್ಕೆ ಆ ಹೆಸರು ಬಂದದ್ದು ಒಂದು ಬಗೆಯ ಗರಗಸದಿಂದ. 1760ರ ದಶಕದಲ್ಲಿ ಲಂಡನ್ನಿನ ನಕಾಶೆಗಾರ ಜಾನ್ ಸ್ಪಿಲ್ಸ್‌ಬರಿ ಭೂಪಟವನ್ನು ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು ಮಾರಿದ. ಮಕ್ಕಳು ಜೋಡಿಸುತ್ತಲೇ ಭೂಗೋಳ ಕಲಿಯಲೆಂಬುದು ಉದ್ದೇಶ.

ಚೂರು ಕೂಡಿಸುವ ಕೆಲಸ ಮೈಸೂರಿಗೆ ಹೊಸದಲ್ಲ. ಇಲ್ಲಿನ ಇನ್‌ಲೇ ಕುಶಲಕರ್ಮಿಗಳು ಚಿತ್ರದ ಒಂದೊಂದು ಭಾಗವನ್ನೂ ಒಂದೊಂದು ಬಣ್ಣದ ಮರದಲ್ಲಿ ತೆಳು ಗರಗಸದಿಂದ ಕೊಯ್ಯುತ್ತಾರೆ. ಹಳದಿಗೆ ಹಲಸು, ಕಪ್ಪಿಗೆ ಕರಿಮರ. ಬೀಟೆ ಹಲಗೆಯಲ್ಲಿ ಅದೇ ಆಕಾರದ ಗುಳಿ ತೋಡಿ, ಚೂರುಗಳನ್ನು ಅಂಟಿಸಿ, ಉಜ್ಜಿ ಪಾಲಿಷ್ ಮಾಡುತ್ತಾರೆ. ಅರಮನೆಯ ಬೀಟೆ ಬಾಗಿಲುಗಳಲ್ಲಿ ಹೀಗೆ ಕೂರಿಸಿದ್ದು ಆನೆದಂತ. ದಂತದ ವ್ಯಾಪಾರ ಇಂದು ನಿಷಿದ್ಧ.

ಜಿಗ್ಸಾ ತಪ್ಪಿದರೆ ಬಿಡಿಸಿ ಮತ್ತೆ ಜೋಡಿಸಬಹುದು. ಇಲ್ಲಿ ಅಂಟು ಒಣಗಿತೆಂದರೆ ಮುಗಿಯಿತು. ಆದ್ದರಿಂದ ಕೊಳ್ಳುವವರು ಚಿತ್ರದ ಅಂದವನ್ನಷ್ಟೇ ಅಲ್ಲ, ಸಂದುಗಳನ್ನೂ ನೋಡಬೇಕು. ಬೆರಳಾಡಿಸಿದರೆ ಅಂಚು ತಾಕಬಾರದು. ಸಂದಿನಲ್ಲಿ ಪುಟ್ಟಿ ತುಂಬಿರಬಾರದು. ಬಣ್ಣ ಮರದ್ದೇ ಆಗಿರಬೇಕು, ಬಳಿದದ್ದಲ್ಲ. ಈ ವ್ಯತ್ಯಾಸ ಗುರುತಿಸುವ ಗಿರಾಕಿ ಇದ್ದರೆ ಮಾತ್ರ ದಿನಗಟ್ಟಲೆ ಕೂತು ಕೊಯ್ಯುವ ಕೈಗೆ ತಕ್ಕ ಕೂಲಿ ದಕ್ಕೀತು.