ಜಿಬ್ ಹಾಯಿಯನ್ನು ರೋಲರ್ ಫರ್ಲಿಂಗ್‌ಗೆ ಮಾರ್ಪಡಿಸುವುದು

ಹಾಯಿದೋಣಿಯ ಕೂವೆಮರದ ಮುಂದೆ ಏರಿಸುವ ತ್ರಿಕೋನಾಕಾರದ ಹಾಯಿಯನ್ನು ಜಿಬ್ ಎಂದು ಕರೆಯಲಾಗುತ್ತದೆ. ಕೂವೆಮರದ ಮೇಲ್ಭಾಗದಿಂದ ದೋಣಿಯ ಮುಂತುದಿಗೆ ಬಿಗಿದ ಫೋರ್‌ಸ್ಟೇ ಎಂಬ ಉಕ್ಕಿನ ತಂತಿಹಗ್ಗವೇ ಇದಕ್ಕೆ ಆಧಾರ. ಈ ತಂತಿಹಗ್ಗದ ಸುತ್ತ ಜಿಬ್ ಅನ್ನು ಚಾಪೆಯಂತೆ ಸುರುಳಿ ಸುತ್ತುವ ವ್ಯವಸ್ಥೆಯು ರೋಲರ್ ಫರ್ಲಿಂಗ್. ಕೊಕ್ಕೆಗಳುಳ್ಳ ಹಳೆಯ ಜಿಬ್ ಅನ್ನು ಇದರಲ್ಲಿ ಬಳಸಬೇಕಾದರೆ ಅದನ್ನು ಮಾರ್ಪಡಿಸುವುದು ಅಗತ್ಯ.

ಹಿನ್ನೆಲೆ

ಸಾಂಪ್ರದಾಯಿಕ ಜಿಬ್‌ನ ಮುಂದಣ ಅಂಚಿನಲ್ಲಿರುವ ಕೊಕ್ಕೆಗಳನ್ನು ಫೋರ್‌ಸ್ಟೇಗೆ ಸಿಕ್ಕಿಸಲಾಗುತ್ತದೆ. ಗಾಳಿ ಬಲವಾದಾಗ ನಾವಿಕನು ಹೊಯ್ದಾಡುವ ಮುಂತುದಿಗೆ ಹೋಗಿ ದೊಡ್ಡ ಹಾಯಿಯನ್ನು ಇಳಿಸಿ ಚಿಕ್ಕದನ್ನು ಏರಿಸಬೇಕು. ರೋಲರ್ ಫರ್ಲಿಂಗ್‌ನಲ್ಲಿ ಚುಕ್ಕಾಣಿಯ ಬಳಿಯಿಂದಲೇ ಹಗ್ಗವೊಂದನ್ನು ಎಳೆದು ಹಾಯಿಯನ್ನು ಸುತ್ತಬಹುದು.

ರಚನೆ

ಫೋರ್‌ಸ್ಟೇಯನ್ನು ಆವರಿಸುವ, ಉದ್ದಕ್ಕೂ ಗಾಡಿಯುಳ್ಳ ಅಲ್ಯೂಮಿನಿಯಂ ಕೊಳವೆ, ಕೆಳತುದಿಯಲ್ಲಿ ಹಗ್ಗ ಸುತ್ತುವ ಡ್ರಮ್ ಹಾಗೂ ಮೇಲೆ ಹಾಯಿಯ ತುದಿಯೊಂದಿಗೆ ತಿರುಗುವ ಸ್ವಿವೆಲ್ ಇದರ ಮುಖ್ಯ ಭಾಗಗಳು.

ಮಾರ್ಪಾಡಿನ ಹಂತಗಳು

ಅಳತೆ: ಡ್ರಮ್ ಮತ್ತು ಸ್ವಿವೆಲ್ ಎರಡೂ ಸ್ವಲ್ಪ ಎತ್ತರವನ್ನು ಆಕ್ರಮಿಸುವುದರಿಂದ ಹಾಯಿಗೆ ಮೊದಲಿನಷ್ಟು ಸ್ಥಳ ದೊರೆಯುವುದಿಲ್ಲ. ಆದುದರಿಂದ ಉಪಕರಣವನ್ನು ಜೋಡಿಸಿದ ಬಳಿಕವೇ ಅಳತೆ ತೆಗೆದುಕೊಳ್ಳುವುದು ಸೂಕ್ತ. ಬಿಗಿದಾಗ ಹಾಯಿಯು ಹಿಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉದ್ದ ಹೆಚ್ಚಾದರೆ ಹಾಯಿಯನ್ನು ಕತ್ತರಿಸಲಾಗುತ್ತದೆ. ಕಡಿಮೆಯಾದರೆ ಮೇಲ್ತುದಿಗೆ ತುಂಡು ತಂತಿಯನ್ನು ಸೇರಿಸಿ ಸ್ವಿವೆಲ್ ಅನ್ನು ಸರಿಯಾದ ಎತ್ತರಕ್ಕೆ ತರಲಾಗುತ್ತದೆ.

ಮುಂದಣ ಅಂಚು: ಕೊಕ್ಕೆಗಳನ್ನೂ ಒಳಗೆ ತಂತಿಯಿದ್ದರೆ ಅದನ್ನೂ ತೆಗೆದು, ದಾರದಂತಹ ಉಬ್ಬು ಅಂಚಿರುವ ಪಟ್ಟಿಯನ್ನು ಹೊಲಿಯಲಾಗುತ್ತದೆ. ಈ ಉಬ್ಬು ಕೊಳವೆಯ ಗಾಡಿಯೊಳಗೆ ಜಾರಬೇಕು. ಆದ್ದರಿಂದ ಅದರ ದಪ್ಪವು ಗಾಡಿಯ ಅಳತೆಗೆ ಹೊಂದಿರಬೇಕು.

ಫೋಮ್ ಪಟ್ಟಿ: ಹಾಯಿಯ ನಡುಭಾಗ ಹೊಟ್ಟೆಯಂತೆ ಉಬ್ಬಿರುತ್ತದೆ. ಅರ್ಧ ಸುತ್ತಿದಾಗ ಈ ಉಬ್ಬು ಹಾಗೆಯೇ ಉಳಿದರೆ ಬಲವಾದ ಗಾಳಿಯಲ್ಲಿ ದೋಣಿ ಅತಿಯಾಗಿ ವಾಲುತ್ತದೆ. ಮುಂದಣ ಅಂಚಿನ ನಡುವೆ ದಪ್ಪವಾಗಿಯೂ ತುದಿಗಳಲ್ಲಿ ತೆಳುವಾಗಿಯೂ ಇರುವ ಫೋಮ್ ಹೊಲಿದರೆ, ಸುತ್ತುವಾಗ ನಡುಭಾಗದ ಬಟ್ಟೆ ಹೆಚ್ಚು ಸುತ್ತಿಕೊಂಡು ಹಾಯಿ ಚಪ್ಪಟೆಯಾಗುತ್ತದೆ.

ಬಿಸಿಲಿನ ರಕ್ಷಣೆ: ಪಾಲಿಯೆಸ್ಟರ್ ಬಟ್ಟೆ ಅತಿನೇರಳೆ ಕಿರಣಗಳಿಂದ ಶಿಥಿಲಗೊಳ್ಳುತ್ತದೆ. ಸುತ್ತಿಟ್ಟ ಹಾಯಿಯ ಹಿಂದಣ ಹಾಗೂ ಕೆಳ ಅಂಚುಗಳು ಸದಾ ಬಿಸಿಲಿಗೆ ಒಡ್ಡಿರುವುದರಿಂದ, ಸುರುಳಿಯ ಹೊರಮೈಗೆ ಬರುವ ಬದಿಯಲ್ಲಿ ಬಿಸಿಲು ತಾಳುವ ಬಟ್ಟೆಯ ಪಟ್ಟಿಯನ್ನು ಹೊಲಿಯುವುದು ರೂಢಿ.

ಅಪಾಯಗಳು

ಹಾಯಿ ಏರಿಸುವ ಹಗ್ಗವು ಫೋರ್‌ಸ್ಟೇಗೆ ಸಮಾಂತರವಾಗಿದ್ದರೆ ಸುತ್ತುವಾಗ ಅದಕ್ಕೇ ಸುತ್ತಿಕೊಳ್ಳಬಹುದು. ಆಗ ಬಲವಂತವಾಗಿ ಎಳೆದರೆ ಫೋರ್‌ಸ್ಟೇಯ ಎಳೆಗಳು ತುಂಡಾಗಿ ಕೂವೆಮರವೇ ಉರುಳುವ ಸಂಭವವಿದೆ. ಇದನ್ನು ತಪ್ಪಿಸಲು ಹಗ್ಗವು ಸುಮಾರು 10 ಡಿಗ್ರಿ ಕೋನದಲ್ಲಿ ಹಿಂದಕ್ಕೆ ಎಳೆಯುವಂತೆ ಸ್ವಿವೆಲ್‌ನ ಎತ್ತರವನ್ನು ಹೊಂದಿಸಲಾಗುತ್ತದೆ.

ಮಿತಿಗಳು

ಅರ್ಧ ಸುತ್ತಿದ ಹಾಯಿಯು ಅದೇ ಅಳತೆಗೆ ಹೊಲಿದ ಚಿಕ್ಕ ಹಾಯಿಯಷ್ಟು ಸಮರ್ಥವಾಗಿರುವುದಿಲ್ಲ. ಬಟ್ಟೆ ಈಗಾಗಲೇ ಜೀರ್ಣವಾಗಿದ್ದರೆ ಮಾರ್ಪಾಡಿಗಿಂತ ಹೊಸ ಹಾಯಿಯೇ ಲೇಸು.